ಡೊರೊಥಿ ಹಾಡ್ಜ್‌ಕಿನ್
ಪೆನಿಸಿಲಿನ್ನಿನ ರೂಪವನ್ನು ಕಂಡ ಮಹಿಳೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಪೆನಿಸಿಲಿನ್ ಎಂದೊಡನೆ ನಮಗೆ ನೆನಪಾಗುವ ಹೆಸರು ಅಲೆಕ್ಸಾಂಡರ್ ಫ್ಲೆಮಿಂಗ್. ೧೯೨೮ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಗಾಜಿನ ತಟ್ಟೆಯೊಂದಕ್ಕೆ ಬೂಷ್ಟು ಹಿಡಿಯಿತು. ಬೂಷ್ಟಿನ ಸುತ್ತಲಿದ್ದ ರೋಗಾಣುಗಳು ಕರಗಿಹೋದವು. ಲೋಕಕ್ಕೆ ಒಂದು ದಿವ್ಯೌಷಧ ದೊರೆಯಿತು. ಶಾಲೆಯಲ್ಲಿ ನಾವೆಲ್ಲರೂ ಓದಿದ ಕಥೆ ಇದು. ಕಥೆ ಸುಳ್ಳಲ್ಲ, ಆದರೆ ಅಲ್ಲಿಗೇ ನಿಲ್ಲಿಸಿದರೆ ಅರ್ಧ ಹೇಳಿದಂತಾಯಿತು. ಬೂಷ್ಟಿನ ರಸದಿಂದ ಔಷಧವನ್ನು ಬೇರ್ಪಡಿಸಿ ರೋಗಿಯ ಮೈಗೆ ತಲಪಿಸಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೈನ್, ಹೀಟ್ಲಿ ಮುಂತಾದವರು. ಆ ಔಷಧದ ಅಣು ಹೇಗಿದೆ, ಅದರಲ್ಲಿ ಯಾವ ಪರಮಾಣು ಯಾವುದಕ್ಕೆ ಅಂಟಿಕೊಂಡಿದೆ ಎಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿಕೊಟ್ಟವರ ಮುಂದಾಳು ಒಬ್ಬ ಮಹಿಳೆ. ಅವರೇ ಡೊರೊಥಿ ಹಾಡ್ಜ್‌ಕಿನ್. ಫ್ಲೆಮಿಂಗರ ಹೆಸರು ಬಲ್ಲ ಹತ್ತು ಮಂದಿಯಲ್ಲಿ ಒಬ್ಬರಿಗಾದರೂ ಇವರ ಹೆಸರು ಗೊತ್ತಿರುವುದು ಅಪರೂಪ. ಆ ಕೊರತೆಯನ್ನು ಸ್ವಲ್ಪ ಮಟ್ಟಿಗಾದರೂ ನೀಗಿಸುವುದು ಈ ಲೇಖನದ ಉದ್ದೇಶ.

ಡೊರೊಥಿ ಮೇರಿ ಕ್ರೋಫುಟ್ ಹುಟ್ಟಿದ್ದು ೧೯೧೦ನೆಯ ಇಸವಿ ಮೇ ೧೨ರಂದು, ಈಜಿಪ್ಟ್ ದೇಶದ ಕೈರೋ ನಗರದಲ್ಲಿ. ತಂದೆ ಜಾನ್ ಕ್ರೋಫುಟ್ ಅಲ್ಲಿನ ವಿದ್ಯಾ ಇಲಾಖೆಯಲ್ಲಿದ್ದು, ಮುಂದೆ ಸೂಡಾನಿಗೆ ಹೋದವರು. ಪ್ರಾಚೀನ ಅವಶೇಷಗಳ ಶೋಧನೆಯಲ್ಲಿ ಆಸಕ್ತರು. ತಾಯಿ ಮಾಲಿ ಗಿಡಮೂಲಗಳ ಚಿತ್ರ ಬರೆಯುತ್ತಿದ್ದರು. ಹಳೆಯ ಕಾಲದ ನೇಯ್ಗೆಯ ವಿಷಯದಲ್ಲಿ ಪಂಡಿತರೆನಿಸಿಕೊಂಡವರು. ನಾಲ್ವರು ಹೆಣ್ಣುಮಕ್ಕಳಲ್ಲಿ ಡೊರೊಥಿಯೇ ಹಿರಿಯವಳು. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಾಗ ಮಕ್ಕಳನ್ನು ಇಂಗ್ಲೆಂಡಿನಲ್ಲಿ ದಾದಿಯ ವಶಕ್ಕೆ ಬಿಟ್ಟು ತಂದೆತಾಯಿ ಕೆಲಸದ ಊರಿಗೆ ಹಿಂದಿರುಗಬೇಕಾಯಿತು. ಯುದ್ಧದ ನಾಲ್ಕು ವರ್ಷಗಳಲ್ಲಿ ತಾಯಿ ಮಕ್ಕಳ ಮುಖ ನೋಡಿದ್ದು ಒಂದೇ ಬಾರಿ.

ಹತ್ತರ ವಯಸ್ಸಿನಲ್ಲಿ ಪುಟ್ಟ ಶಾಲೆಯೊಂದರಲ್ಲಿ ಈ ಹುಡುಗಿಗೆ ಪಟಿಕವನ್ನೂ ಮೈಲುತುತ್ತವನ್ನೂ ನೀರಿನಲ್ಲಿ ಕರಗಿಸಿ ಸ್ಫಟಿಕ ಬೆಳೆಸುವುದನ್ನು ಕಲಿಸಿದರು. ತಿಳಿನೀರಿನ ತಳದಲ್ಲಿ ದಿನದಿನಕ್ಕೂ ಚಪ್ಪಟೆ ಮುಖಗಳ ನೀಲಿ ಹರಳು ಬೆಳೆಯುವುದನ್ನು ಕಂಡು ಆಕೆ ಮರುಳಾದಳು. ಆ ಮರುಳು ಸಾಯುವವರೆಗೆ ಬಿಡಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ತಂದೆತಾಯಿಯರನ್ನು ನೋಡಲು ಖಾರ್ಟೂಮಿಗೆ ಹೋದಾಗ, ಅಲ್ಲಿ ಮಣ್ಣಿನ ರಸಾಯನ ಪರೀಕ್ಷೆ ನಡೆಸುತ್ತಿದ್ದ ಡಾ. ಜೋಸೆಫ್ ಎಂಬ ಸ್ನೇಹಿತರು ಖನಿಜಗಳನ್ನು ಪರೀಕ್ಷಿಸುವ ಸಾಮಗ್ರಿಗಳ ಪೆಟ್ಟಿಗೆಯೊಂದನ್ನು ಕೊಟ್ಟರು. ಮನೆಯ ಅಟ್ಟವೇ ಆಕೆಯ ಪ್ರಯೋಗಶಾಲೆಯಾಯಿತು.

ಬೆಕಲ್ಸ್ ಎಂಬ ಊರಿನ ಸರ್ಕಾರಿ ಶಾಲೆಯಲ್ಲಿ ರಸಾಯನಶಾಸ್ತ್ರ ಗಂಡುಮಕ್ಕಳಿಗೆ ಮಾತ್ರ ಮೀಸಲಾಗಿತ್ತು. ಡೊರೊಥಿಗೂ ಇನ್ನೊಬ್ಬ ಹುಡುಗಿಗೂ ವಿಶೇಷ ಅಪ್ಪಣೆ ದೊರೆತು, ಇಬ್ಬರೂ ಹುಡುಗರ ತರಗತಿಯಲ್ಲಿ ಕುಳಿತರು. ಹದಿನಾರನೆಯ ಹುಟ್ಟುಹಬ್ಬಕ್ಕೆ ತಾಯಿ ಕೊಟ್ಟ ಉಡುಗೊರೆ ಒಡವೆಯಲ್ಲ, ಉಡುಪಲ್ಲ. ಕ್ಷ-ಕಿರಣಗಳಿಂದ ಸ್ಫಟಿಕದೊಳಗಿನ ಪರಮಾಣುಗಳನ್ನು ಕಾಣಬಹುದೆಂದು ವಿವರಿಸುವ, ವಿಲಿಯಂ ಬ್ರ್ಯಾಗ್ ಬರೆದ ಒಂದು ಪುಸ್ತಕ. ಮಗಳ ದಾರಿ ಅಂದೇ ಗೊತ್ತಾಯಿತೆನ್ನಬೇಕು. ಆದರೆ ಆಕ್ಸ್‌ಫರ್ಡಿನ ಪ್ರವೇಶ ಪರೀಕ್ಷೆಗೆ ಲ್ಯಾಟಿನ್ ಬೇಕಾಗಿತ್ತು. ಶಾಲೆಯಲ್ಲಿ ಅದನ್ನು ಕಲಿತಿರಲಿಲ್ಲ. ಮನೆಪಾಠ ಹೇಳಿಸಿಕೊಂಡು ಅದನ್ನೂ ಕಲಿತು, ೧೯೨೮ರಲ್ಲಿ ಆಕ್ಸ್‌ಫರ್ಡಿನ ಸಾಮರ್ವಿಲ್ ಮಹಿಳಾ ಕಾಲೇಜನ್ನು ಸೇರಿದರು. ಆ ವಿಶ್ವವಿದ್ಯಾನಿಲಯ ಹೆಂಗಸರಿಗೆ ಪದವಿ ಕೊಡಲು ಒಪ್ಪಿದ್ದು ೧೯೨೦ರಲ್ಲಿ, ಎಂದರೆ ಕೇವಲ ಎಂಟು ವರ್ಷಗಳ ಹಿಂದೆ, ಎಂಬುದನ್ನು ನೆನೆದರೆ ಆ ಪ್ರವೇಶದ ಬೆಲೆ ತಿಳಿಯುತ್ತದೆ. ೧೯೩೨ರಲ್ಲಿ ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾದರು.

ಮುಂದಿನ ಎರಡು ವರ್ಷ ಕೇಂಬ್ರಿಡ್ಜಿನಲ್ಲಿ ಜೆ. ಡಿ. ಬರ್ನಾಲ್ ಎಂಬ ಪ್ರತಿಭಾಶಾಲಿಯ ಜೊತೆ ಕೆಲಸ. ಅಲ್ಲಿ ೧೯೩೪ರಲ್ಲಿ ಪೆಪ್ಸಿನ್ ಎಂಬ ಜೀರ್ಣರಸದ ಸ್ಫಟಿಕವನ್ನು ಒಣಗಲು ಬಿಡದೆ, ಅದು ಹುಟ್ಟಿದ ದ್ರವದಲ್ಲೇ ಇಟ್ಟು, ಕ್ಷ-ಕಿರಣದಿಂದ ಚಿತ್ರ ತೆಗೆದರು. ಪ್ರೋಟೀನುಗಳಿಗೂ ಕ್ರಮಬದ್ಧವಾದ ರೂಪ ಉಂಟೆಂದು ಮೊದಲ ಬಾರಿಗೆ ಸ್ಪಷ್ಟವಾದದ್ದು ಆ ಚಿತ್ರದಿಂದ. ಅದೇ ವರ್ಷ ಆಕ್ಸ್‌ಫರ್ಡಿಗೆ ಮರಳಿದರು.

ಇಲ್ಲಿ ಸ್ವಲ್ಪ ನಿಂತು, ಈ ಕ್ಷ-ಕಿರಣದ ವಿದ್ಯೆ ಏನೆಂಬುದನ್ನು ವಿಚಾರಿಸೋಣ. ನಾನು ಕಲಾವಿಭಾಗದವಳು, ವಿಜ್ಞಾನ ವಿಭಾಗದ ಮಿತ್ರರು ನನ್ನ ಒರಟು ಉಪಮಾನವನ್ನು ಸೈರಿಸಬೇಕು. ಮಳೆಗಾಲದ ರಾತ್ರಿ ಕಪ್ಪು ಕೊಡೆಯ ಬಟ್ಟೆಯ ಮೂಲಕ ದೂರದ ಬೀದಿದೀಪವನ್ನು ನೋಡಿದರೆ, ಒಂದು ದೀಪದ ಬದಲು ಅಡ್ಡಕ್ಕೂ ಉದ್ದಕ್ಕೂ ಸಾಲುಗಟ್ಟಿದ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಬಟ್ಟೆಯ ಎಳೆಗಳು ಒಂದೇ ಅಂತರದಲ್ಲಿ ಹೆಣೆದುಕೊಂಡಿರುವುದೇ ಅದಕ್ಕೆ ಕಾರಣ. ಆ ಚುಕ್ಕೆಗಳನ್ನು ಅಳೆದು ಎಳೆಗಳ ಅಂತರವನ್ನು ಲೆಕ್ಕ ಹಾಕಬಹುದು. ಸ್ಫಟಿಕವೂ ಅಂಥದೇ ಒಂದು ನೇಯ್ಗೆ. ಹಲಸೂರಿನ ಸೋಮೇಶ್ವರ ದೇವಾಲಯದ ಮಂಟಪದಲ್ಲಿ ಕಂಬಗಳು ಸಾಲುಸಾಲಾಗಿ ನಿಂತಿರುವಂತೆ, ಸ್ಫಟಿಕದಲ್ಲಿ ಅಣುಗಳು ಮೇಲೆ, ಕೆಳಗೆ, ಪಕ್ಕಕ್ಕೆ ಒಂದೇ ಅಂತರದಲ್ಲಿ ನಿಂತಿರುತ್ತವೆ. ಅದರ ಮೂಲಕ ಕ್ಷ-ಕಿರಣವನ್ನು ಹಾಯಿಸಿದರೆ ಫಿಲಂ ಮೇಲೆ ನೂರಾರು ಚುಕ್ಕೆಗಳು ಮೂಡುತ್ತವೆ. ಒಂದೊಂದು ಚುಕ್ಕೆಯ ಕಪ್ಪನ್ನೂ ಕಣ್ಣಳತೆಯಲ್ಲಿ ಗೊತ್ತುಮಾಡಿ, ರಾಶಿ ರಾಶಿ ಗಣಿತ ಮಾಡಿ, ಪರಮಾಣುಗಳು ಎಲ್ಲಿವೆ ಎಂಬುದನ್ನು ಕಂಡುಹಿಡಿಯಬೇಕು. ಗಣಕಯಂತ್ರಗಳಿಲ್ಲದ ಆ ಕಾಲದಲ್ಲಿ ಇದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಿಡಿಯುವ ಕೆಲಸ. ಜಾಣತನ ಬೇಕು, ಅದಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು.

ಆ ತಾಳ್ಮೆಗೆ ದೇಹವೂ ಒಂದು ಪರೀಕ್ಷೆಯನ್ನೊಡ್ಡಿತು. ೧೯೩೭ರಲ್ಲಿ ಡೊರೊಥಿ ಅವರು ಥಾಮಸ್ ಹಾಡ್ಜ್‌ಕಿನ್ನರನ್ನು ಮದುವೆಯಾದರು. ಥಾಮಸರು ವಯಸ್ಕರ ಶಿಕ್ಷಣದಲ್ಲಿ ದುಡಿದವರು, ಮುಂದೆ ಆಫ್ರಿಕದ ಇತಿಹಾಸಕಾರರೆಂದು ಹೆಸರಾದವರು. ೧೯೩೮ರಲ್ಲಿ ಮೊದಲ ಮಗು ಹುಟ್ಟಿದ ಮೇಲೆ ಡೊರೊಥಿಯವರಿಗೆ ತೀವ್ರವಾದ ಸಂಧಿವಾತ ಬಡಿಯಿತು. ಆಗ ಅವರ ವಯಸ್ಸು ಇಪ್ಪತ್ತೆಂಟು. ಕೈಯ ಗೆಣ್ಣುಗಳು ಊದಿ ಬೆರಳುಗಳು ಸೊಟ್ಟಗಾದವು. ಪ್ರಯೋಗಶಾಲೆಗೆ ಮರಳಿದಾಗ ಯಂತ್ರದ ಗುಂಡಿಯನ್ನು ಒತ್ತಲೂ ಆಗದೆ, ಅದಕ್ಕೆ ಉದ್ದನೆಯ ಹಿಡಿಯೊಂದನ್ನು ಹಾಕಿಸಿಕೊಂಡರು. ಸಾಸಿವೆಗಿಂತ ಚಿಕ್ಕದಾದ ಸ್ಫಟಿಕವನ್ನು ಎತ್ತಿ ಗಾಜಿನ ಎಳೆಯ ತುದಿಯಲ್ಲಿ ನಿಲ್ಲಿಸುವ ಕುಸುರಿ ಕೆಲಸವನ್ನು ಅವರು ಆ ಬೆರಳುಗಳಿಂದಲೇ ಮಾಡಿದರು.

ಈ ನಡುವೆ ಎರಡನೆಯ ಮಹಾಯುದ್ಧ ಬಂತು. ೧೯೪೦ರ ಮೇ ತಿಂಗಳ ಕೊನೆಯಲ್ಲಿ ಫ್ಲೋರಿಯವರ ತಂಡ ಎಂಟು ಇಲಿಗಳಿಗೆ ಮಾರಕವಾದ ರೋಗಾಣುಗಳನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟಿತು. ಬೆಳಗಾಗುವಷ್ಟರಲ್ಲಿ ಔಷಧವಿಲ್ಲದ ನಾಲ್ಕೂ ಸತ್ತಿದ್ದವು; ಉಳಿದ ನಾಲ್ಕು ಬದುಕಿದ್ದವು. ಈ ಸುದ್ದಿಯ ಉತ್ಸಾಹದಲ್ಲಿದ್ದ ಚೈನ್ ಬೀದಿಯಲ್ಲಿ ಡೊರೊಥಿಯವರನ್ನು ಕಂಡು, ಒಂದಲ್ಲ ಒಂದು ದಿನ ಇದರ ಸ್ಫಟಿಕವನ್ನು ನಿಮಗೆ ಕೊಡುತ್ತೇವೆಂದು ಮಾತು ಕೊಟ್ಟರು. ಮರುವರ್ಷ ಫೆಬ್ರವರಿಯಲ್ಲಿ ಒಬ್ಬ ಪೋಲೀಸಿನವನಿಗೆ ಚಿಕಿತ್ಸೆ ಆರಂಭವಾಯಿತು. ಮುಖವೆಲ್ಲ ಕೀವು ತುಂಬಿದ್ದ ಆತ ಐದಾರು ದಿನಗಳಲ್ಲಿ ಚೇತರಿಸಿಕೊಂಡ. ಅಷ್ಟರಲ್ಲಿ ಔಷಧ ಮುಗಿಯಿತು. ಅವನ ಮೂತ್ರದಿಂದಲೇ ಪೆನಿಸಿಲಿನ್ನನ್ನು ಮರಳಿ ತೆಗೆದು ಕೊಟ್ಟರೂ ಸಾಲದೆ ಹೋಗಿ ಆತ ತೀರಿಕೊಂಡ. ಔಷಧವಿದೆ, ಅದು ಗುಣಮಾಡುತ್ತದೆ, ಆದರೆ ಸಾಕಷ್ಟಿಲ್ಲ! ಬೂಷ್ಟನ್ನು ನಂಬಿ ಕುಳಿತರೆ ಎಷ್ಟು ಮಂದಿಯನ್ನು ಉಳಿಸಲಾದೀತು? ಅಣುವಿನ ರೂಪ ತಿಳಿದರೆ ಅದನ್ನು ರಸಾಯನಿಕವಾಗಿಯೇ ತಯಾರಿಸಬಹುದೆಂದು ಬ್ರಿಟನ್ ಅಮೆರಿಕಗಳ ಸರ್ಕಾರಗಳು ಯೋಚಿಸಿದವು. ಯುದ್ಧಕಾಲದ ಗುಟ್ಟಾಗಿ ಆ ಶೋಧನೆ ನಡೆಯಿತು.

೧೯೪೩ರಲ್ಲಿ ಅಮೆರಿಕದಲ್ಲಿ ಪೆನಿಸಿಲಿನ್ನಿನ ಸೋಡಿಯಂ ಲವಣ ಸ್ಫಟಿಕವಾಯಿತು. ಕೆಲವು ಮಿಲಿಗ್ರಾಮಿನಷ್ಟು ಸ್ಫಟಿಕ ಸಾಗರ ದಾಟಿ ಡೊರೊಥಿಯವರ ಕೈ ಸೇರಿತು. ಅವರೂ ಶಿಷ್ಯೆ ಬಾರ್ಬರಾ ಲೋ ಅವರೂ ಪೊಟ್ಯಾಸಿಯಂ ಮತ್ತು ರುಬಿಡಿಯಂ ಲವಣಗಳ ಸ್ಫಟಿಕಗಳನ್ನು ಹಿಡಿದರು. ನಾರ್ತ್‌ವಿಚ್ ಎಂಬಲ್ಲಿ ಬನ್ ಮತ್ತು ಸಂಗಡಿಗರು ಸೋಡಿಯಂ ಲವಣವನ್ನು ಹಿಡಿದರು. ಜಲಜನಕವನ್ನು ಬಿಟ್ಟರೆ ಈ ಅಣುವಿನಲ್ಲಿರುವುದು ಇಪ್ಪತ್ತಮೂರೇ ಪರಮಾಣುಗಳು: ಹದಿನಾರು ಇಂಗಾಲ, ನಾಲ್ಕು ಆಮ್ಲಜನಕ, ಎರಡು ಸಾರಜನಕ, ಒಂದು ಗಂಧಕ. ಆದರೆ ಅವುಗಳ ಜೋಡಣೆಯ ವಿಷಯದಲ್ಲಿ ಆಕ್ಸ್‌ಫರ್ಡಿನ ಪಂಡಿತರಲ್ಲೇ ಎರಡು ಪಕ್ಷಗಳು. ರಸಾಯನಶಾಸ್ತ್ರದ ದಿಗ್ಗಜ ರಾಬರ್ಟ್ ರಾಬಿನ್ಸನ್ನರು ಐದೈದು ಪರಮಾಣುಗಳ ಎರಡು ಉಂಗುರಗಳಿವೆಯೆಂದು ವಾದಿಸಿದರು. ಏಬ್ರಹಾಂ ಮತ್ತು ಚೈನ್ ಅವರು, ಒಂದು ಉಂಗುರದಲ್ಲಿ ನಾಲ್ಕೇ ಪರಮಾಣುಗಳಿವೆ ಎಂದರು. ಮೂರು ಇಂಗಾಲ, ಒಂದು ಸಾರಜನಕ ಸೇರಿದ ಆ ಚೌಕಕ್ಕೆ ಬೀಟಾ-ಲ್ಯಾಕ್ಟಮ್ ಎಂದು ಹೆಸರು. ಅಂಥ ಬಿಗಿಯಾದ ಚೌಕ ಪ್ರಕೃತಿಯಲ್ಲಿ ಇರಲಾರದೆಂಬುದು ಹಲವರ ನಂಬಿಕೆಯಾಗಿತ್ತು.

ಡೊರೊಥಿ ಅವರು ಯಾವ ಪಕ್ಷವನ್ನೂ ಹಿಡಿಯಲಿಲ್ಲ. ಚುಕ್ಕೆಗಳನ್ನು ಅಳೆದರು, ಲೆಕ್ಕ ಹಾಕಿದರು, ತಪ್ಪಾದಲ್ಲಿ ಅಳಿಸಿ ಮತ್ತೆ ಹಾಕಿದರು. ಕೊನೆಯ ಹಂತದಲ್ಲಿ ತೂತು ಹಾಕಿದ ಕಾರ್ಡುಗಳಿಂದ ನಡೆಯುವ ಎಣಿಕೆಯ ಯಂತ್ರಗಳ ಸಹಾಯವನ್ನೂ ಪಡೆದರು. ೧೯೪೫ರಲ್ಲಿ, ಯೂರೋಪಿನ ಯುದ್ಧ ಮುಗಿಯುತ್ತಿದ್ದ ದಿನಗಳಲ್ಲಿ, ಅಣುವಿನ ರೂಪ ನಿಶ್ಚಯವಾಯಿತು. ತಂತಿಯಿಂದಲೂ ಬೆಂಡಿನ ಚೂರುಗಳಿಂದಲೂ ಅದರ ಮಾದರಿಯನ್ನು ಕಟ್ಟಿದರು. ನಾಲ್ಕು ಪರಮಾಣುಗಳ ಚೌಕ ಅಲ್ಲಿತ್ತು! ಗುಟ್ಟಿನ ಕಟ್ಟು ಸಡಿಲವಾಗಿ ಪೂರ್ಣ ವಿವರ ಗ್ರಂಥರೂಪದಲ್ಲಿ ಹೊರಬಂದದ್ದು ೧೯೪೯ರಲ್ಲಿ.

ಒಂದು ಪುಟ್ಟ ಚೌಕಕ್ಕೆ ಇಷ್ಟು ಮಹತ್ವವೇಕೆ ಎಂದು ಓದುಗರು ಕೇಳಬಹುದು. ಪೆನಿಸಿಲಿನ್ನಿನ ಶಕ್ತಿ, ದೌರ್ಬಲ್ಯಗಳೆರಡೂ ಅಲ್ಲಿಯೇ ಇವೆ. ಬಗ್ಗಿಸಿ ಕಟ್ಟಿದ ಬಿದಿರಿನ ಬಿಲ್ಲಿನಂತೆ ಆ ಚೌಕ ಯಾವಾಗಲೂ ಬಿಚ್ಚಿಕೊಳ್ಳಲು ಕಾದಿರುತ್ತದೆ. ರೋಗಾಣು ತನ್ನ ಸುತ್ತ ಬಲೆಯಂಥ ಒಂದು ಗೋಡೆಯನ್ನು ಕಟ್ಟಿಕೊಂಡಿರುತ್ತದೆ. ಅದರ ಎಳೆಗಳನ್ನು ಒಂದಕ್ಕೊಂದು ಗಂಟುಹಾಕುವ ಗಾರೆಯವನಂಥ ಕಿಣ್ವವೊಂದುಂಟು. ಪೆನಿಸಿಲಿನ್ ನೋಡುವುದಕ್ಕೆ ಆ ಗೋಡೆಯ ಒಂದು ತುಣುಕಿನಂತೆಯೇ ಇರುವುದರಿಂದ ಕಿಣ್ವ ಮೋಸಹೋಗಿ ಅದನ್ನು ಎತ್ತಿಕೊಳ್ಳುತ್ತದೆ. ಆಗ ಚೌಕ ಬಿಚ್ಚಿ ಕಿಣ್ವದ ಕೈಗೇ ಅಂಟಿಕೊಂಡುಬಿಡುತ್ತದೆ. ಕೆಲಸ ನಿಲ್ಲುತ್ತದೆ, ಗೋಡೆ ದುರ್ಬಲವಾಗುತ್ತದೆ, ಒಳಗಿನ ಒತ್ತಡಕ್ಕೆ ರೋಗಾಣು ಒಡೆದುಹೋಗುತ್ತದೆ. ಮನುಷ್ಯನ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲವಾದ್ದರಿಂದ, ಮೈಗೆ ಒಗ್ಗದ ಕೆಲವರನ್ನು ಬಿಟ್ಟರೆ, ರೋಗಿಗೆ ಅಪಾಯವಿಲ್ಲ. ಒಗ್ಗದವರಿಗೆ ಮಾತ್ರ ಪ್ರಾಣಕ್ಕೇ ಸಂಚಕಾರ ಬರಬಹುದು. ಆದ್ದರಿಂದಲೇ ಮೊದಲು ಚರ್ಮದ ಮೇಲೆ ಸ್ವಲ್ಪ ಚುಚ್ಚಿ ನೋಡುವ ಪದ್ಧತಿ.

ರೂಪ ತಿಳಿದ ಮೇಲೆ ಮಾರ್ಪಾಡಿನ ದಾರಿ ತೆರೆಯಿತು. ಅಮೆರಿಕದ ಶೀಹನ್ ೧೯೫೭ರಲ್ಲಿ ಪ್ರಯೋಗಶಾಲೆಯಲ್ಲೇ ಪೆನಿಸಿಲಿನ್ ತಯಾರಿಸಿದರೂ, ಬೂಷ್ಟಿನಿಂದ ತೆಗೆಯುವುದೇ ಅಗ್ಗವೆನಿಸಿತು. ಆದರೆ ಅಣುವಿನ ತಿರುಳನ್ನು ಬೂಷ್ಟಿನಿಂದ ಪಡೆದು ಅದಕ್ಕೆ ಬೇರೆಬೇರೆ ಬಾಲಗಳನ್ನು ಜೋಡಿಸುವ ವಿದ್ಯೆ ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಸಿದ್ಧಿಸಿತು. ೧೯೬೧ರ ಆಂಪಿಸಿಲಿನ್, ೧೯೭೨ರ ಅಮಾಕ್ಸಿಸಿಲಿನ್ ಹೀಗೆ ಬಂದವು. ಹೊಟ್ಟೆಯ ಹುಳಿಗೆ ಕೆಡುತ್ತಿದ್ದ ಔಷಧ ಮಾತ್ರೆಯಾಗಿ ನುಂಗುವಂತಾಯಿತು. ನಮ್ಮ ದೇಶದಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ೧೯೫೪ರಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ೧೯೮೧ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆ ಹುಟ್ಟಿತು. ಇಂದು ಶಿವಾಜಿನಗರದಿಂದ ಕೃಷ್ಣರಾಜಪುರದವರೆಗೆ ಅಮಾಕ್ಸಿಸಿಲಿನ್ ಇಲ್ಲದ ಔಷಧದ ಅಂಗಡಿ ಸಿಕ್ಕುವುದಿಲ್ಲ.

ಈ ವಿಷಯ ನನಗೆ ಪುಸ್ತಕದ ವಿಷಯ ಮಾತ್ರವಲ್ಲ. ನನ್ನ ತಂಗಿಗೆ ಒಂಬತ್ತನೆಯ ವಯಸ್ಸಿನಲ್ಲಿ ಗಂಟಲು ನೋವು ಬಂದು, ಕೆಲವು ವಾರಗಳ ಮೇಲೆ ಮೊಣಕಾಲು, ಮಣಿಕಟ್ಟುಗಳು ಬಾತುಕೊಂಡವು. ಅದು ರುಮಾಟಿಕ್ ಜ್ವರವೆಂದೂ, ಮತ್ತೆ ಮತ್ತೆ ಮರುಕಳಿಸಿದರೆ ಹೃದಯದ ಕವಾಟಗಳು ಕೆಡುತ್ತವೆಂದೂ ದಂಡಿನ ಒಂದು ಆಸ್ಪತ್ರೆಯ ವೈದ್ಯರು ಹೇಳಿದರು. ಅಂದಿನಿಂದ ಇಪ್ಪತ್ತೊಂದು ದಿನಗಳಿಗೊಮ್ಮೆ ಆಕೆಗೆ ಹನ್ನೆರಡು ಲಕ್ಷ ಯೂನಿಟ್ಟಿನ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್. ಲಕ್ಷವೆಂಬ ಮಾತಿಗೆ ಹೆದರಬೇಕಾಗಿಲ್ಲ. ತೂಕದಲ್ಲಿ ಅದು ಒಂದು ಗ್ರಾಮಿಗೂ ಕಡಿಮೆ. ಮೊದಮೊದಲ ಪೆನಿಸಿಲಿನ್ನನ್ನು ಮೂರು ನಾಲ್ಕು ಗಂಟೆಗೊಮ್ಮೆ ಚುಚ್ಚಬೇಕಾಗಿತ್ತು. ೧೯೫೦ರ ದಶಕದಲ್ಲಿ ಬಳಕೆಗೆ ಬಂದ ಈ ಬಗೆಯದು ಮಾಂಸಖಂಡದಲ್ಲಿ ಕುಳಿತು ವಾರಗಟ್ಟಲೆ ಹನಿಹನಿಯಾಗಿ ರಕ್ತಕ್ಕೆ ಇಳಿಯುತ್ತದೆ.

ಇಂಜೆಕ್ಷನ್ ಬಹಳ ನೋಯುತ್ತದೆ. ಓಡಾಡಿಕೊಂಡಿರುವ ಹುಡುಗಿಗೆ ಇದೇಕೆ ಬೇಕು, ನಿಲ್ಲಿಸಿಬಿಡಿ ಎಂದು ನೆರೆಯವರು ಅಮ್ಮನಿಗೆ ಹೇಳದ ದಿನವಿಲ್ಲ. ಔಷಧ ಸಿಕ್ಕದೆ ಅಂಗಡಿಯಿಂದ ಅಂಗಡಿಗೆ ಅಲೆದ ದಿನಗಳಲ್ಲಿ ಅಮ್ಮನಿಗೂ ಹಾಗೆಯೇ ಅನ್ನಿಸಿದ್ದುಂಟು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು; ಆಸ್ಪತ್ರೆಯ ಚೀಟಿಯನ್ನು ಓದಿ ಹೇಳುವ ಕೆಲಸವೂ ನನ್ನದೇ. ರೋಗಾಣು ಮತ್ತೆ ಗಂಟಲಿಗೆ ಬಂದಾಗ ಅದರ ಗೋಡೆಯನ್ನು ಕೆಡವುವ ಔಷಧ ರಕ್ತದಲ್ಲಿ ಮೊದಲೇ ಸಿದ್ಧವಾಗಿರಬೇಕು, ಇಪ್ಪತ್ತೆರಡನೆಯ ದಿನಕ್ಕೆ ಕಾವಲು ತಪ್ಪಬಾರದು ಎಂದು ಅಮ್ಮನಿಗೆ ವಿವರಿಸಿದಾಗ ಆಕೆಗೆ ಅದು ಅರ್ಥವಾಯಿತು. ಕಾರಣ ತಿಳಿಯದೆ ಸಹಿಸುವ ನೋವು ಬೇರೆ, ಕಾರಣ ತಿಳಿದು ಸಹಿಸುವ ನೋವು ಬೇರೆ. ಆ ಕಾರಣವನ್ನು ಹೇಳಲು ನನಗೆ ಸಾಧ್ಯವಾದದ್ದು, ಬಹಳ ಹಿಂದೆ ಯಾರೋ ಕುಳಿತು ಆ ಚುಕ್ಕೆಗಳನ್ನು ಎಣಿಸಿದ್ದರಿಂದ.

ಇದೇ ಚೌಕದ ದೌರ್ಬಲ್ಯವನ್ನೂ ಹೇಳದೆ ಬಿಡಬಾರದು. ಚೌಕವನ್ನು ಕತ್ತರಿಸಿ ಔಷಧವನ್ನು ನಿಷ್ಫಲಗೊಳಿಸುವ ಕಿಣ್ವ ಕೆಲವು ರೋಗಾಣುಗಳಲ್ಲಿದೆಯೆಂದು ಏಬ್ರಹಾಂ ಮತ್ತು ಚೈನ್ ೧೯೪೦ರಲ್ಲೇ ಕಂಡಿದ್ದರು. ಸಣ್ಣ ನೆಗಡಿಗೂ ಅಂಗಡಿಯಿಂದ ನಾಲ್ಕು ಮಾತ್ರೆ ತಂದು, ಎರಡು ನುಂಗಿ, ಎರಡನ್ನು ಬಿಸಾಡುವ ನಮ್ಮ ರೂಢಿಯಿಂದ ಅಂಥ ರೋಗಾಣುಗಳ ಸಂತಾನವೇ ಬೆಳೆಯುತ್ತದೆ. ನೆಗಡಿಯನ್ನು ತರುವುದು ವೈರಸ್. ಅದಕ್ಕೆ ಪೆನಿಸಿಲಿನ್ ಏನನ್ನೂ ಮಾಡಲಾರದು. ಇಷ್ಟು ಕಷ್ಟದಿಂದ ಬಂದ ಸಂಪತ್ತನ್ನು ಇಷ್ಟು ಸುಲಭವಾಗಿ ಸೂರೆ ಮಾಡುವುದು ವಿದ್ಯಾವಂತರಿಗೆ ಒಪ್ಪುವಂಥದಲ್ಲ.

ಪೆನಿಸಿಲಿನ್ನಿನ ಕೆಲಸ ಮುಗಿದಾಗ ಡೊರೊಥಿಯವರಿಗೆ ಇನ್ನೂ ಮೂವತ್ತೈದು ವರ್ಷ. ೧೯೪೭ರಲ್ಲಿ ರಾಯಲ್ ಸೊಸೈಟಿಗೆ ಆಯ್ಕೆಯಾದರು. ವಿಷಮ ರಕ್ತಹೀನತೆಗೆ ಮದ್ದಾದ, ಜಲಜನಕವನ್ನು ಬಿಟ್ಟರೂ ತೊಂಬತ್ತಕ್ಕೂ ಹೆಚ್ಚು ಪರಮಾಣುಗಳುಳ್ಳ ಬಿ-೧೨ ಜೀವಸತ್ವದ ರೂಪವನ್ನು ೧೯೫೬ರ ಹೊತ್ತಿಗೆ ಬಿಡಿಸಿದರು. ಪೆನಿಸಿಲಿನ್ನಿನ ದಾಯಾದಿಯಾದ ಸೆಫಲೊಸ್ಪೊರಿನ್ ಔಷಧದ ರೂಪವನ್ನು ೧೯೬೧ರಲ್ಲಿ ತೋರಿಸಿದರು. ಅದರಲ್ಲಿಯೂ ಅದೇ ಚೌಕ! ೧೯೬೪ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಇವರೊಬ್ಬರಿಗೇ ಸಂದಿತು. ಮೇರಿ ಕ್ಯೂರಿ, ಆಕೆಯ ಮಗಳು ಐರೀನ್, ಇವರ ತರುವಾಯ ಆ ಗೌರವ ಪಡೆದ ಮೂರನೆಯ ಮಹಿಳೆ ಇವರು. ಆದರೂ ಕೆಲವು ಪತ್ರಿಕೆಗಳು ವಿಜ್ಞಾನಿಯೆನ್ನುವುದಕ್ಕೆ ಮುಂಚೆ ಗೃಹಿಣಿಯೆಂದೇ ಅವರನ್ನು ಪರಿಚಯಿಸಿದವು!

ಅವರ ಕೊನೆಯ ದೊಡ್ಡ ಕೆಲಸಕ್ಕೂ ನಮ್ಮ ಬೆಂಗಳೂರಿಗೂ ನಂಟುಂಟು. ೧೯೩೫ರಲ್ಲಿ ಡೊರೊಥಿ ಅವರು ಇನ್ಸುಲಿನ್ನಿನ ಮೊದಲ ಚಿತ್ರ ತೆಗೆದಿದ್ದರು. ಸುಮಾರು ಎಂಟುನೂರು ಪರಮಾಣುಗಳ ಆ ಅಣುವಿನ ಒಗಟು ಒಡೆದದ್ದು ೧೯೬೯ರಲ್ಲಿ, ಮೂವತ್ತನಾಲ್ಕು ವರ್ಷಗಳ ಮೇಲೆ. ಆ ತಂಡದಲ್ಲಿ ಎಂ. ವಿಜಯನ್ ಎಂಬ ತರುಣರಿದ್ದರು. ಅವರು ನಮ್ಮ ಊರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ರಾಮಶೇಷನ್ನರ ಶಿಷ್ಯರಾಗಿ ಸಂಶೋಧನೆ ಮುಗಿಸಿ ಆಕ್ಸ್‌ಫರ್ಡಿಗೆ ಹೋದವರು. ೧೯೭೧ರಲ್ಲಿ ಬೆಂಗಳೂರಿಗೆ ಮರಳಿ, ಪ್ರೋಟೀನುಗಳ ರೂಪವನ್ನು ಬಿಡಿಸುವ ವಿದ್ಯೆಯನ್ನು ಇಲ್ಲಿ ನೆಲೆಗೊಳಿಸಿದರು. ಅವರ ತಂಡ ಬಿಡಿಸಿದ ಪ್ರೋಟೀನುಗಳಲ್ಲಿ ಒಂದು ನಮ್ಮ ಕಡಲೆಕಾಯಿಯದು. ೨೦೨೨ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ವಿದ್ಯೆಯ ಹಿರಿಯರಾಗಿದ್ದರು. ಗುರುವಿನ ದೀಪದಿಂದ ಹಚ್ಚಿದ ಒಂದು ದೀಪ ನಮ್ಮ ಊರಿನಲ್ಲಿಯೂ ಉರಿಯಿತೆಂಬುದು ಹೆಮ್ಮೆಯ ಸಂಗತಿ.

ಡೊರೊಥಿ ಅವರ ಸ್ವಭಾವ ಮೃದು, ನಿಲುವು ಗಟ್ಟಿ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್ ವಿದ್ಯಾರ್ಥಿನಿಯಾಗಿ ಇವರ ಕೈಕೆಳಗೆ ಕಲಿತವರು. ರಾಜಕೀಯದಲ್ಲಿ ಇಬ್ಬರದೂ ವಿರುದ್ಧ ದಿಕ್ಕುಗಳಾದರೂ ಪರಸ್ಪರ ಗೌರವಕ್ಕೆ ಕುಂದು ಬರಲಿಲ್ಲ. ಅಣ್ವಸ್ತ್ರಗಳನ್ನು ವಿರೋಧಿಸುವ ವಿಜ್ಞಾನಿಗಳ ಪಗ್‌ವಾಶ್ ಕೂಟಕ್ಕೆ ೧೯೭೬ರಿಂದ ೧೯೮೮ರವರೆಗೆ ಅಧ್ಯಕ್ಷರಾಗಿದ್ದರು. ೧೯೯೩ರಲ್ಲಿ, ನಡೆಯಲಾಗದ ಸ್ಥಿತಿಯಲ್ಲೂ, ಗಾಲಿಕುರ್ಚಿಯಲ್ಲಿ ಕುಳಿತು ಬೀಜಿಂಗಿನ ಸ್ಫಟಿಕ ವಿಜ್ಞಾನದ ಸಮ್ಮೇಳನಕ್ಕೆ ಹೋಗಿಬಂದರು. ಮರುವರ್ಷ, ೧೯೯೪ರ ಜುಲೈ ೨೯ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಕಾಲವಾದರು.

ಇವರ ಚರಿತ್ರೆಯನ್ನು ಓದಿದಾಗ ಮನಸ್ಸಿನಲ್ಲಿ ನಿಲ್ಲುವುದು ಪಾರಿತೋಷಕಗಳಲ್ಲ, ಆ ಮೂವತ್ತನಾಲ್ಕು ವರ್ಷಗಳು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಹಿಡಿದ ಪ್ರಶ್ನೆಗೆ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಉತ್ತರ. ಆ ನಡುವೆ ಮೂವರು ಮಕ್ಕಳನ್ನು ಬೆಳೆಸಿದರು, ಕಾಲೇಜಿನಲ್ಲಿ ಪಾಠ ಹೇಳಿದರು, ಬೆರಳುಗಳ ನೋವನ್ನು ನುಂಗಿಕೊಂಡರು. ಪ್ರಶ್ನೆಯನ್ನು ಮಾತ್ರ ಕೆಳಗಿಡಲಿಲ್ಲ. ಓದಿದ್ದರಿಂದ ಏನು ಬಂತು ಎಂದು ಪದವಿ ಮುಗಿಯುವ ಮೊದಲೇ ಕೇಳುವವರು ನಮ್ಮ ಸುತ್ತಮುತ್ತ ಬಹಳ ಮಂದಿ ಇದ್ದಾರೆ. ಕೆಲವು ವೇಳೆ ನಾವೂ ನಮ್ಮನ್ನೇ ಹಾಗೆ ಕೇಳಿಕೊಳ್ಳುತ್ತೇವೆ. ಉತ್ತರ ತಡವಾಗಿ ಬಂದ ಮಾತ್ರಕ್ಕೆ ಪ್ರಶ್ನೆ ವ್ಯರ್ಥವಾಗುವುದಿಲ್ಲ. ಹಾಗೆ ನಿಧಾನವಾಗಿ ಗಳಿಸಿದ ಅರಿವು ಯಾವ ಊರಿನ ಯಾವ ಮಗುವಿನ ಹೃದಯವನ್ನು ಕಾಯುವುದೋ, ಗಳಿಸುವಾಗ ಯಾರಿಗೂ ತಿಳಿದಿರುವುದಿಲ್ಲ.